ಪೂರ್ಣ ಬೆಂಬಲ

ಥಾರ್ನ್‌ಶಾ ಊರಿನ ರಗ್ಬಿ ಲೀಗ್ ತಂಡ ಸತತ ಎಂಟು ಪಂದ್ಯ ಸೋತಿತ್ತು. ಕ್ಲಬ್ಬಿನ ಅಧ್ಯಕ್ಷ ನಾರ್ಮನ್ ಓಲ್ಡ್‌ರಾಯ್ಡ್ ಹಾಲು ತರಲು ಹೊರಟರೂ ಕಂಡಕಂಡವರದು ಒಂದೇ ರಾಗ: ಹೊಸ ಕೋಚ್‌ನನ್ನು ಓಡಿಸುವುದು ಯಾವಾಗ?

ಆರು ವರ್ಷಗಳಲ್ಲಿ ಐವರನ್ನು ಓಡಿಸಿದ ಮಹಾನುಭಾವ ಇದೇ ನಾರ್ಮನ್. ನೆಟ್ಟ ಗಿಡವನ್ನು ದಿನಾ ಕಿತ್ತು ಬೇರು ನೋಡಿದರೆ ಅದು ಚಿಗುರುವುದುಂಟೆ? ಈ ಬುದ್ಧಿ ಅವನಿಗೆ ತಡವಾಗಿಯಾದರೂ ಬಂದಿತ್ತು. ಅದಕ್ಕೇ ಗ್ಯಾರೆತ್ ಶಾರಾಕ್‌ನನ್ನು ಕರೆತಂದಾಗ ಕೈ ಕುಲುಕಿ ಮೂರು ವರ್ಷದ ಮಾತು ಕೊಟ್ಟಿದ್ದ. ಗ್ಯಾರೆತ್ ಹಳೆಯ ಹುಲಿಗಳನ್ನು ಹೊರಗೆ ಕೂರಿಸಿ ಊರಿನ ಎಳೆಯರನ್ನು ಆಡಿಸಿದ. ಸೋತರು, ಆದರೆ ಸೋಲಿನ ಅಂತರ ವಾರವಾರಕ್ಕೂ ಕುಗ್ಗುತ್ತಿತ್ತು. ಗುರುವಾರ ನಾರ್ಮನ್ ಆಡಳಿತ ಮಂಡಳಿಯಲ್ಲಿ ಮೇಜು ಗುದ್ದಿ ಜಗಳವಾಡಿ ಅವನನ್ನು ಉಳಿಸಿಕೊಂಡ. ಅದೇ ಹುಮ್ಮಸ್ಸಿನಲ್ಲಿ ಭಾನುವಾರದ ಪಂದ್ಯದಲ್ಲಿ ಪ್ರೇಕ್ಷಕರಿಗೆ ಮಾರುವ ಪುಸ್ತಿಕೆಗೆ ಬರೆದುಕೊಟ್ಟ: "ನಮ್ಮ ಕೋಚ್‌ಗೆ ಮಂಡಳಿಯ ಪೂರ್ಣ ಬೆಂಬಲವಿದೆ."

ಭಾನುವಾರ, ಆಟಗಾರರ ಜರ್ಸಿ ಒಗೆಯುವ ಡೊರೀನ್ ಆ ಪುಸ್ತಿಕೆ ಹಿಡಿದು ಅವನನ್ನು ಗೇಟಿನಲ್ಲೇ ಅಡ್ಡಗಟ್ಟಿದಳು.

"ಏನಯ್ಯಾ, ಈ ಪಾಪದವನಿಗೂ ಗುಂಡಿ ತೋಡಿಬಿಟ್ಯಲ್ಲ!"

"ಸರಿಯಾಗಿ ಓದೇ ಮಾರಾಯ್ತಿ. ಬೆಂಬಲ ಅಂತ ಬರ್ದಿದೀನಿ."

"ಆ ಐದು ಜನಕ್ಕೂ ಇದನ್ನೇ ಬರ್ದಿದ್ದೆ. ಬರ್ದ ವಾರಕ್ಕೇ ಮನೆಗೆ ಕಳಿಸ್ದೆ. ಇದರ ಅರ್ಥ ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳು?"

ನಾರ್ಮನ್ ಅಲ್ಲಿಂದಲೇ ಒಳಗೆ ಧಾವಿಸಿದ. ಗ್ಯಾರೆತ್‌ನನ್ನು ಹುಡುಕುವಷ್ಟರಲ್ಲಿ ಆಟ ಶುರುವಾಗಿತ್ತು. ಎಂಬತ್ತು ನಿಮಿಷ ನಾರ್ಮನ್ ಗ್ಯಾಲರಿಯ ಬೆಂಚಿನ ತುದಿಯಲ್ಲಿ ಬೆವರುತ್ತಾ ಕೂತ. ಥಾರ್ನ್‌ಶಾ ಎರಡೇ ಅಂಕದಿಂದ ಗೆದ್ದಿತು. ಊರು ಕುಣಿಯಿತು, ಅವನು ಮೆಟ್ಟಿಲಿಳಿದು ಓಡಿದ.

ಕೋಚ್‌ನ ಕೋಣೆಯಲ್ಲಿ ಚೀಲ ಕಟ್ಟಿಯಾಗಿತ್ತು.

"ಗ್ಯಾರೆತ್, ಈ ಸಲ ನಿಜವಾಗ್ಲೂ ಬರ್ದಿದ್ದು ಕಣಪ್ಪ!"

"ಇರಬಹುದು ನಾರ್ಮನ್. ಆದ್ರೆ ಮನೇಲಿ ಎರಡು ಮಕ್ಕಳಿದಾರೆ, ನೀವು ಕತ್ತು ಹಿಡಿದು ನೂಕೋವರೆಗೂ ಕಾಯಕ್ಕಾಗುತ್ತಾ? ಪುಸ್ತಿಕೆ ಶುಕ್ರವಾರ ಅಚ್ಚಾಗಿ ಬಂದಾಗ್ಲೇ ಓದಿದೆ, ನಿನ್ನೆ ಪಕ್ಕದೂರಿನ ಕ್ಲಬ್ಬಿಗೆ ಸಹಿ ಹಾಕಿದೆ. ಹುಡುಗರಿಗೋಸ್ಕರ ಇವತ್ತು ಬಂದೆ, ಅಷ್ಟೇ."

ಅವನು ದಪ್ಪ ನೋಟ್‌ಬುಕ್ಕೊಂದನ್ನು ಮೇಜಿನ ಮೇಲಿಟ್ಟ.

"ಮೂರು ವರ್ಷಕ್ಕೆ ಅಂತ ಬರ್ಕೊಂಡಿದ್ದೆ. ಮುಂದೆ ಬರೋರಿಗೆ ಕೊಡಿ."

ಹೊರಗೆ ಹುಡುಗರು ಗ್ಯಾರೆತ್‌ನ ಹೆಸರು ಹಿಡಿದು ಹಾಡುತ್ತಿದ್ದರು. ನಾರ್ಮನ್‌ಗೆ ಅಳು ಬಂತು. ಮುಂದೆ ಬರುವವನಿಗೆ ಈ ನೋಟ್‌ಬುಕ್ ಕೊಡಬಹುದು. ನಿನ್ನ ಬೆನ್ನಿಗೆ ನಾನಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು?