ಮಗುಚಿದ ಅಂಗೈ

ಜೂನ್ ಒಂದು, ಆ ಬೆಟ್ಟದ ನಾಡಿನಲ್ಲಿ ಮಕ್ಕಳ ದಿನ. ಆ ದಿನ ಮಕ್ಕಳಿಗೆ ಹೇಗೆ ಮರ್ಯಾದೆ ಮಾಡಬೇಕೆಂದು ಕಾರಾ-ಜಾರ್ ಊರಿನ ದೊಡ್ಡವರು ತೀರ್ಮಾನಿಸಿದ್ದರು ಗೊತ್ತೇ? ಎಂಟು-ಒಂಬತ್ತು ವರ್ಷದ ಹನ್ನೊಂದು ಹುಡುಗರನ್ನು ತಡಿಯಿಲ್ಲದ ಕುದುರೆಗಳ ಬೆನ್ನಿಗೇರಿಸಿ, ಇಪ್ಪತ್ತೆರಡು ಕಿಲೋಮೀಟರ್ ಓಡಿಸಿ! ಮೈದಾನದ ಬಾಯಲ್ಲಿ ದೊಡ್ಡ ಬ್ಯಾನರ್ ಬೇರೆ: 'ಮಗುವಿನ ಹಕ್ಕು ನಮ್ಮೆಲ್ಲರ ಹೊಣೆ'. ಅದರ ಒಂದು ತುದಿಯನ್ನು ಬಹುಮಾನದ ಹೋರಿ ಕಟ್ಟಿದ್ದ ಗೂಟಕ್ಕೇ ಬಿಗಿದಿದ್ದರು. ಹೋರಿ ಜಗ್ಗಿದಾಗಲೆಲ್ಲ ಹಕ್ಕೂ ಅಲ್ಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ಬುರುಲ್ಕಾನ್ ಬಿದ್ದು ಬಿದ್ದು ನಗುತ್ತಿದ್ದಳು. ಅಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಬುರುಲ್ಕಾನ್ ಊರಿನ ಆರೋಗ್ಯ ಕೇಂದ್ರವನ್ನು ನೋಡಿಕೊಳ್ಳುವವಳು. ಡಾಕ್ಟರ್ ಅಂತ ಒಬ್ಬರು ಇರುವುದು ಬೆಟ್ಟದ ಆಚೆ. ಹಾಗಾಗಿ ಮೂವತ್ತೆಂಟು ವರ್ಷದಿಂದ ಹೆರಿಗೆ, ಜ್ವರ, ಮುರಿದ ಮೂಳೆ ಎಲ್ಲವೂ ಅವಳ ತಲೆಗೇ. ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ್ದು ಅವಳೇ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು 'ಅಪಾ', ಅಮ್ಮ. ಕಳೆದ ಚಳಿಗಾಲದಲ್ಲಿ ಜಿಲ್ಲೆಯಿಂದ ಮಕ್ಕಳ ಹಕ್ಕಿನ ಪುಸ್ತಿಕೆಗಳ ಕಟ್ಟು ಬಂದಿತ್ತು. ಮನೆಮನೆಗೆ ಹೋಗಿ ಓದಿ ಹೇಳಬೇಕೆಂದು ಅಪ್ಪಣೆ. ಮಂಡಿನೋವನ್ನು ಲೆಕ್ಕಿಸದೆ ಹಿಮದಲ್ಲಿ ನಾಲ್ಕು ತಿಂಗಳು ಅಲೆದಳು. ಹೋದಲ್ಲೆಲ್ಲ ಚಹಾ ಕೊಟ್ಟರು, ಹಿಟ್ಟಿನ ತುಂಡುಗಳನ್ನು ಬಿಸಿಬಿಸಿ ಬೋರ್ಸೋಕ್ ಕರಿದು ಕೊಟ್ಟರು, ತಲೆಯಾಡಿಸಿದರು.

"ಅಪಾ, ಬೆಳಿಗ್ಗೆ ಎದ್ದು ಹಸು ಕರೆಯೋದು ಯಾರ ಹಕ್ಕು ಅಂತ ನಿಮ್ ಪುಸ್ತಕದಲ್ಲಿ ಬರ್ದಿದೆಯಾ?" ಎಂದು ಹೆಂಗಸರು ಕಿಸಕ್ಕನೆ ನಕ್ಕರು. "ನಾವೂ ಕುದುರೆಯಿಂದ ಬಿದ್ದೇ ದೊಡ್ಡೋರಾಗಿದ್ದು. ಸತ್ತೋದ್ವಾ?" ಎಂದು ಗಂಡಸರು ಎದೆ ಸೆಟೆಸಿದರು. ಸತ್ತವರು ಎದ್ದುಬಂದು ಉತ್ತರ ಕೊಡುವುದಿಲ್ಲವಲ್ಲ, ಅದೇ ಇವರ ಧೈರ್ಯ.

ಅವಳ ಸಿಟ್ಟಿನಲ್ಲಿ ಅರ್ಧ ಪಾಲು ಅವಳ ಮೇಲೆಯೇ ಇತ್ತು, ಸುಳ್ಳೇಕೆ ಹೇಳಬೇಕು? ಹೋದ ವರ್ಷ ಓಟಕ್ಕೆ ಮುಂಚೆ ಹುಡುಗರ ಪಟ್ಟಿ ತಂದಾಗ ಅವಳು ಹುಳಿಬರಿಸಿದ ಕುದುರೆ ಹಾಲು ಕುಮಿಸ್ ಕುಡಿಯುತ್ತ ಹರಟೆಯಲ್ಲಿ ಕೂತಿದ್ದಳು. ಎಲ್ಲ ಗಟ್ಟಿಮುಟ್ಟಾಗಿದ್ದಾರೆ ಎಂದರು. ಕಣ್ಣೆತ್ತಿ ನೋಡದೆ ಸಹಿ ಗೀಚಿದಳು. ಕೊನೆಯ ತಿರುವಿನಲ್ಲಿ ಒಬ್ಬ ಹುಡುಗ ತಲೆ ಕೆಳಗಾಗಿ ಬಿದ್ದ. ಅವನ ಕುದುರೆ ಸವಾರನಿಲ್ಲದೆಯೇ ಮೊದಲು ಬಂತು, ಜನ ಅದೃಷ್ಟಕ್ಕೆಂದು ಅದರ ಬೆವರನ್ನು ಒರೆಸಿ ಒರೆಸಿ ಹಣೆಗೆ ಹಚ್ಚಿಕೊಂಡರು. ಹುಡುಗನಿಗೆ ಇವತ್ತಿಗೂ ತನ್ನ ತಾಯಿಯ ಹೆಸರು ನೆನಪಾಗುವುದಿಲ್ಲ.

ಈ ಸಲ ಅವಳು ಬೆಳಿಗ್ಗೆ ಏಳಕ್ಕೇ ಮೈದಾನದಲ್ಲಿ ಮೇಜು ಹಾಕಿ ಕೂತಳು. ಒಬ್ಬೊಬ್ಬನನ್ನೂ ಕರೆದು ಕಣ್ಣು, ಎದೆ, ಕೈಕಾಲು ಮುಟ್ಟಿ ನೋಡಿದಳು. ಏಳನೆಯವನು ತಿಲೆಕ್, ಒಂಬತ್ತು ವರ್ಷ, ಅಪ್ಪ ಅಮ್ಮ ಇಬ್ಬರೂ ದುಡಿಯಲು ಮಾಸ್ಕೋಗೆ ಹೋಗಿ ಮೂರು ವರ್ಷವಾಗಿತ್ತು. ಅವನನ್ನು ಇಟ್ಟುಕೊಂಡಿದ್ದವನು ದೊಡ್ಡಪ್ಪ ಅಸಾನ್‌ಕುಲ್, ಕಾರಾ-ಕಾಶ್ಕಾ ಎಂಬ ಕರಿಕುದುರೆಯ ಯಜಮಾನ. ಬಿಸಿಲು ಏರುತ್ತಿದ್ದರೂ ಹುಡುಗ ಉದ್ದ ತೋಳಿನ ಕೋಟು ತೊಟ್ಟಿದ್ದ.

"ಬಿಚ್ಚು ಮರಿ."

"ಚಳಿ ಅಪಾ."

ಅವಳೇ ತೋಳು ಸರಿಸಿದಳು. ಎಡಗೈ ಮುಂಗೈ ತನಕ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೇಲೊಂದು ಕಂಬಳಿಯ ಚೂರು ಸುತ್ತಿದ್ದರು. ಬೆರಳಿಟ್ಟರೆ ಒಳಗೆ ಮೂಳೆ ಕರಕರ ಎನ್ನುತ್ತಿತ್ತು. ಹುಡುಗ ತುಟಿ ಕಚ್ಚಿ ತೋಳನ್ನು ಮತ್ತೆ ಕೆಳಗೆಳೆಯಲು ನೋಡಿದ.

"ಯಾವಾಗ ಬಿದ್ದೆ?"

"ಮೊನ್ನೆ, ಓಡಿಸಿ ಅಭ್ಯಾಸ ಮಾಡೋವಾಗ. ಅಪಾ, ಯಾರಿಗೂ ಹೇಳ್ಬೇಡಿ. ಗೆದ್ರೆ ಅಮ್ಮಂಗೆ ಫೋನ್ ಮಾಡಿಸ್ತೀನಿ ಅಂದಿದಾರೆ ದೊಡ್ಡಪ್ಪ."

ಬುರುಲ್ಕಾನ್ ಮೇಜು ತಳ್ಳಿ ಎದ್ದಳು. ಅಸಾನ್‌ಕುಲ್ ಅಲ್ಲೇ ಕುದುರೆಯ ಬಾಲ ಹೆಣೆಯುತ್ತಿದ್ದ.

"ಲೇ ಅಸಾನ್‌ಕುಲ್, ಈ ಮಗುವಿನ ಕೈ ಮುರಿದಿದೆ. ಇವನು ಕುದುರೆ ಹತ್ತೋ ಹಾಗಿಲ್ಲ."

"ಒಂದು ಕೈ ಇದೆಯಲ್ಲ ಅಪಾ, ಸಾಕು. ಕುದುರೆ ಹೊಟ್ಟೆಗೆ ಹಗ್ಗ ಸುತ್ತಿ ಕಾಲೆರಡನ್ನೂ ಬಿಗಿದು ಕಟ್ತೀನಿ, ಬೀಳೋದೇ ಇಲ್ಲ."

"ಕುದುರೆ ಮುಗ್ಗರಿಸಿದ್ರೆ?"

"ಥೂ ಥೂ! ಬೆಳಿಗ್ಗೆ ಬೆಳಿಗ್ಗೆ ಕುದುರೆಗೆ ಕೆಟ್ಟ ಮಾತು ಆಡ್ಬೇಡಿ!" ಅಸಾನ್‌ಕುಲ್ ಬೆಚ್ಚಿಬಿದ್ದು ಕುದುರೆಯ ಕತ್ತು ಸವರಿದ. ಎದುರಿಗೆ ನಿಂತ ಹುಡುಗನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. ಈ ಮನುಷ್ಯ ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದ, ಒಂದು ಹಗಲು ಒಂದು ರಾತ್ರಿ ಒದ್ದಾಡಿ ಅವನನ್ನು ಉಳಿಸಿದ್ದು ಬುರುಲ್ಕಾನಳ ಇವೇ ಕೈಗಳು. ಯಾಕಾದರೂ ಉಳಿಸಿದೆನೋ ಎಂದು ಆ ಹೊತ್ತಿನಲ್ಲಿ ಅವಳಿಗೆ ನಿಜಕ್ಕೂ ಅನ್ನಿಸಿತು.

ಊರಿನ ಆಡಳಿತದ ಮುಖ್ಯಸ್ಥ ಮೆದೆರ್ ಬೆವರು ಒರೆಸುತ್ತ ಓಡಿಬಂದ. "ಏನ್ ಅಪಾ ಇದು, ಜಿಲ್ಲೆಯೋರು ಬಂದು ಕೂತಿದಾರೆ, ಈಗ ರಗಳೆ ತೆಗೀತೀರಲ್ಲ?"

"ನಾನು ಸಹಿ ಹಾಕಲ್ಲ. ಸಹಿ ಇಲ್ದೆ ಓಟ ಇಲ್ಲ."

"ಸಹಿ ಆಯ್ತು, ಬಿಡಿ. ಪಶುವೈದ್ಯರ ಹತ್ರ ಹಾಕಿಸಿದೀನಿ."

"ಯಾರ ಹತ್ರ?"

"ಪಶುವೈದ್ಯರ ಹತ್ರ. ಕುದುರೆಗಳ ಕಾಗದಕ್ಕೆ ಹಾಕ್ತಾ ಇದ್ರು, ಹುಡುಗರದ್ದಕ್ಕೂ ಹಾಕಿಬಿಟ್ರು. ಅವರೂ ಡಾಕ್ಟರೇ ತಾನೆ?"

ಬುರುಲ್ಕಾನ್ ತನ್ನ ಪೆನ್ನು ಮುಚ್ಚಿ ಜೇಬಿಗಿಟ್ಟಳು. ಮಾತು ಗೆದ್ದೆ ಅಂದುಕೊಂಡ ಮೆದೆರ್ ಮೆತ್ತಗಾದ. "ಸಿಟ್ಟು ಮಾಡ್ಕೋಬೇಡಿ ಅಪಾ. ಇವತ್ತು ನಿಮ್ಗೇ ಮೊದಲ ಮರ್ಯಾದೆ. ನಿಮ್ಮ ಹಕ್ಕಿನ ಪುಸ್ತಕ ಹತ್ತು ನಿಮಿಷ ಓದಿ, ಆಮೇಲೆ ಕುದುರೆಗಳನ್ನ ಹರಸಿ ಬಿಟ್ಕೊಡಿ. ಪ್ರತಿ ವರ್ಷ ಹರಸೋ ಹಿರಿಯಜ್ಜ ಹಾಸಿಗೆ ಹಿಡಿದಿದಾರೆ, ನೀವು ಹರಸಿದ್ರೇ ಚಂದ. ಆಗಬಹುದಾ?"

ಅಲ್ಲಿ ಹಿರಿಯರೊಬ್ಬರು ಅಂಗೈ ಮೇಲೆ ಮಾಡಿ ಹರಸದೆ ಯಾವ ಕುದುರೆಯೂ ಓಟದ ಗೆರೆ ದಾಟುವುದಿಲ್ಲ.

"ಆಗಲಿ," ಎಂದಳು ಬುರುಲ್ಕಾನ್. ಅವಳು ಇಷ್ಟು ಬೇಗ ಒಪ್ಪಿದ್ದಕ್ಕೆ ಮೆದೆರ್‌ಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅವಳು ಮೈಕ್ ಮುಂದೆ ನಿಂತು ಪುಸ್ತಿಕೆ ತೆರೆದಳು. ಮಗುವಿಗೆ ಬದುಕುವ ಹಕ್ಕಿದೆ ಎಂದು ಓದಿದಳು. ನೋವಾಗದಂತೆ ಕಾಪಾಡಿಸಿಕೊಳ್ಳುವ ಹಕ್ಕಿದೆ ಎಂದು ಓದಿದಳು. ಜನ ಸೂರ್ಯಕಾಂತಿ ಬೀಜ ಬಿಡಿಸಿ ಉಗುಳುತ್ತಿದ್ದರು. ಯಾವ ಕುದುರೆಗೆ ಯಾವ ತಾಯಿ ಎಂದು ವಾದ ಮಾಡುತ್ತಿದ್ದರು. ಗೆರೆಯ ಮೇಲೆ ಅಸಾನ್‌ಕುಲ್ ಮಂಡಿಯೂರಿ ತಿಲೆಕ್‌ನ ಕಾಲಿಗೆ ಹಗ್ಗ ಬಿಗಿಯುತ್ತಿದ್ದ. ಹುಡುಗನ ಮುಖ ಸುಣ್ಣ ಬಳಿದಂತಾಗಿತ್ತು.

ಅವಳು ಪುಸ್ತಿಕೆ ಮುಚ್ಚಿ ಕೈ ಎತ್ತಿದಳು. ಆಗ ಮಾತ್ರ ಮೈದಾನ ಗಪ್‌ಚಿಪ್ಪಾಯಿತು. ಟೋಪಿಗಳು ಸರಿಯಾದವು, ಸಾವಿರ ಅಂಗೈಗಳು ಆಕಾಶ ನೋಡಿದವು.

ಬುರುಲ್ಕಾನ್ ತನ್ನ ಅಂಗೈಗಳನ್ನು ಮಗುಚಿ ನೆಲಕ್ಕೆ ತೋರಿಸಿದಳು.

ಅದರ ಅರ್ಥ ಅಲ್ಲಿನ ಹಾಲುಗೂಸಿಗೂ ಗೊತ್ತು. ಮೇಲೆ ತಿರುಗಿದ ಅಂಗೈ ಆಶೀರ್ವಾದ, ಮಗುಚಿದ ಅಂಗೈ ಶಾಪ. ಜನ್ಮದಲ್ಲಿ ಒಮ್ಮೆ ನೋಡಿದವರೂ ಅದನ್ನು ಮೊಮ್ಮಕ್ಕಳಿಗೆ ಪಿಸುದನಿಯಲ್ಲಿ ಹೇಳುತ್ತಾರೆ.

"ಮಗುವನ್ನ ಹೊತ್ತು ಇವತ್ತು ಈ ಗೆರೆ ದಾಟೋ ಕುದುರೆಯ ಕಾಲು ಮುರೀಲಿ," ಎಂದಳು ಅವಳು. "ಅದರ ಲಾಯ ಬರಿದಾಗ್ಲಿ. ಅದರ ಯಜಮಾನನ ಕೈಗೆ ಇನ್ನೊಂದು ಲಗಾಮು ಸಿಗದೇ ಇರ್ಲಿ. ನಿಮ್ಮ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಇದು!"

ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. ಮೆದೆರ್ ಮೈಕಿನ ತಂತಿ ಕಿತ್ತ, ಆದರೆ ಹೇಳಬೇಕಾದ್ದು ಹೇಳಿ ಆಗಿತ್ತು. ಆಮೇಲೆ ನೋಡಬೇಕಿತ್ತು ನೀವು! ನಾಲ್ಕು ತಿಂಗಳು ಓದಿದರೂ ಕಿವಿಗೆ ಹಾಕಿಕೊಳ್ಳದ ಗಂಡಸರು ಬಿದ್ದಂಬೀಳ ಓಡಿಬಂದರು. ಹುಡುಗರನ್ನು ಮೂಟೆಗಳಂತೆ ನೆಲಕ್ಕಿಳಿಸಿದರು, ಕುದುರೆಗಳ ಕಾಲು ತಡವಿದರು, ಅವುಗಳಿಗೆ ಕಂಬಳಿ ಹೊದಿಸಿ ಮನೆಯ ಕಡೆ ನಡೆಸಿದರು. ಅರ್ಧ ಗಂಟೆಯಲ್ಲಿ ಕುದುರೆಗಳೆಲ್ಲ ಹೋದವು. ಮೈದಾನದ ನಡುವೆ ಹನ್ನೊಂದು ಹುಡುಗರು ಉಳಿದುಬಿಟ್ಟರು, ಯಾರಿಗೂ ಬೇಡವಾಗಿ. ಥೂ ಇವರ ಜನ್ಮಕ್ಕೆ!

ಬುರುಲ್ಕಾನ್ ತಿಲೆಕ್‌ನನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದಳು. ಸೂಜಿ ಚುಚ್ಚಿ ನೋವು ಇಳಿಸಿ, ಮೂಳೆ ಕೂಡಿಸಿ, ಪ್ಲಾಸ್ಟರ್ ನೆನೆಸುತ್ತಿರುವಾಗ ಬಾಗಿಲಲ್ಲಿ ಅಸಾನ್‌ಕುಲ್ ಬಂದು ನಿಂತ. ಟೋಪಿ ಕೈಯಲ್ಲಿತ್ತು, ಕಣ್ಣು ಕೆಂಪಾಗಿತ್ತು. ಪುಣ್ಯಕ್ಕೆ ಹುಡುಗನಿಗಾಗಿ ಅತ್ತಿದ್ದಾನೆ ಎಂದುಕೊಂಡಳು ಅವಳು.

"ಅಪಾ, ಕಾರಾ-ಕಾಶ್ಕಾ ಮೇವು ಮುಟ್ತಾ ಇಲ್ಲ," ಎಂದ ಅವನು. "ಗೆರೆ ದಾಟಿಲ್ಲ ಅದು, ನಾನೇ ನೋಡಿದೀನಿ. ಮುಂಗಾಲು ಒಂಚೂರು ತಾಗಿತ್ತೇನೋ, ಅಷ್ಟೆ. ನಿಮ್ಮ ಕಾಲಿಗೆ ಬೀಳ್ತೀನಿ, ಶಾಪ ತೆಗೀರಿ."

ಪ್ಲಾಸ್ಟರ್ ಬಟ್ಟಲನ್ನು ಅವನ ತಲೆಗೆ ಬೀಸಬೇಕು ಎನ್ನಿಸಿತು ಅವಳಿಗೆ. ಬೀಸಲಿಲ್ಲ.

"ತೆಗೀತೀನಿ. ಈ ಮೂಳೆ ಕೂಡಿದ ದಿನ ಇವನನ್ನ ಕರ್ಕೊಂಡು ಬಾ, ಅವತ್ತು ಅಂಗೈ ಮೇಲೆ ಮಾಡಿ ಹರಸ್ತೀನಿ. ಅಲ್ಲೀವರೆಗೂ ಇವನಿಗೆ ಒಂದು ಏಟು ಬಿದ್ರೆ, ಒಂದು ಹೊತ್ತು ಊಟ ತಪ್ಪಿದ್ರೆ, ನಿನ್ನ ಕುದುರೆ ನಿನ್ನ ಪಾಡು."

"ಎಷ್ಟು ದಿನ ಬೇಕು?"

"ನಲವತ್ತು."

"ಹಾಲು ಜಾಸ್ತಿ ಕುಡಿಸಿದ್ರೆ ಬೇಗ ಕೂಡುತ್ತಾ? ಮೂಳೆ ಸಾರು ಕೊಡ್ಬಹುದಾ? ಮಲಗೋಕೆ ನನ್ನ ಮಂಚ ಬಿಟ್ಕೊಡ್ತೀನಿ." ಅವನು ಮೊದಲ ಸಲ ಹುಡುಗನ ಮುಂದೆ ಬಗ್ಗಿ ಕೂತ, ಕೋಟಿನ ಗುಂಡಿ ಹಾಕಿದ. "ಕಂದಾ, ಹಸಿವಾಗ್ತಿದೆಯಾ? ಅಮ್ಮಂಗೆ ಫೋನ್ ಹಚ್ಲಾ? ಇರು, ಬಂಡಿ ತರ್ತೀನಿ. ನಡೀಬೇಡ ನೀನು, ಕುಲುಕಿದ್ರೆ ಕಷ್ಟ." ಹೇಳುತ್ತ ಹೇಳುತ್ತಲೇ ಹೊರಗೆ ಓಡಿದ.

ತಿಲೆಕ್ ಬಾಗಿಲನ್ನೇ ನೋಡುತ್ತಿದ್ದ. ಅಂಥ ದನಿಯನ್ನು ಆ ಬಾಯಿಂದ ಅವನು ಕುದುರೆಯ ಜೊತೆ ಮಾತ್ರ ಕೇಳಿದ್ದ. ದೊಡ್ಡಪ್ಪನ ಹೆಜ್ಜೆ ದೂರವಾದ ಮೇಲೆ ಅವನು ಮುಂದೆ ಬಾಗಿ, ಯಾರಿಗೂ ಕೇಳಿಸದಂತೆ ಕೇಳಿದ:

"ಅಪಾ, ನಿಧಾನಕ್ಕೆ ಕೂಡೋ ಹಾಗೆ ಕಟ್ಟೋಕಾಗುತ್ತಾ?"

ಬುರುಲ್ಕಾನ್ ಒದ್ದೆ ಪಟ್ಟಿ ಹಿಡಿದ ಕೈಯಲ್ಲೇ ಅವನನ್ನು ತಬ್ಬಿಕೊಂಡಳು. ಹೊರಗೆ ಅಸಾನ್‌ಕುಲ್ ಬಂಡಿಗೆ ಹುಲ್ಲು ಹಾಸಿ, ಅದರ ಮೇಲೆ ಕುದುರೆಯ ಕಂಬಳಿ ಹರವುತ್ತಿದ್ದ.