ಕಂದೀಲಿನ ಎಣ್ಣೆ

ಎಂಟನೇ ಇಯತ್ತೆಯ ಇತಿಹಾಸವೆಂದರೆ ರಾಜರ ಹೆಸರು, ಇಸವಿ ಬಾಯಿಪಾಠ ಮಾಡುವುದು ಎಂದೇ ಶಿವಗಂಗವ್ವ ತಿಳಿದಿದ್ದಳು. ಮಗಳು ನೇತ್ರಾ ಮಾತ್ರ ಶಾಲೆ ಶುರುವಾದ ವಾರದಿಂದ ಬೇರೆಯೇ ಸುದ್ದಿ ತರುತ್ತಿದ್ದಳು. ಈಜಿಪ್ಟಿನ ಗೋರಿಯೊಳಗೆ ಸಾವಿರಾರು ವರ್ಷ ಹಳೆಯ ಗೋದಿ ಸಿಕ್ಕಿತಂತೆ. ಇರಾಕಿನ ಕಡೆ ಜನ ಹಸಿ ಮಣ್ಣಿನ ಹಲಗೆಯ ಮೇಲೆ ಬರೆದಿಡುತ್ತಿದ್ದರಂತೆ. ಜ್ಯೋತ್ಸ್ನಾ ಅಕ್ಕೋರು ಪಾಠ ಮುಗಿಸುವಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದು ನಮಗೆ ಗೊತ್ತಾದದ್ದು ಹೇಗೆ? ಇಬ್ಬರು ಹೇಳಿದ್ದು ಒಂದಕ್ಕೊಂದು ಕೂಡದಿದ್ದರೆ ಮತ್ತೊಮ್ಮೆ ಕೇಳಬೇಕು ಎಂದೂ ಹೇಳಿಕೊಟ್ಟಿದ್ದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ನೋಟಬುಕ್ಕು ಹಿಡಿದು ಪಡಸಾಲೆಯಲ್ಲಿ ಕೂತಳು. ಮನೆಯ ಹಳೆಯ ವಸ್ತುವೊಂದರ ಚರಿತ್ರೆ ಬರೆಯಬೇಕಿತ್ತು. ಅವಳ ತರಗತಿಯ ಹಾರೂನ್ ತನ್ನ ಅಜ್ಜಿ ಮಲಿಕಾಬಿಯ ಬಗ್ಗೆಯೇ ಬರೆಯುತ್ತಾನಂತೆ, ಕುಬಿಹಾಳದಲ್ಲಿ ಆಕೆಗಿಂತ ಹಳೆಯದು ಏನೂ ಇಲ್ಲವಂತೆ. ಜೋಳ ಹಸನು ಮಾಡುತ್ತಿದ್ದ ಶಿವಗಂಗವ್ವ ನಕ್ಕಳು. ನೀನು ಯಾವುದರ ಬಗ್ಗೆ ಬರೆಯುತ್ತಿ ಎಂದು ಕೇಳಿದಳು.

"ನಮ್ಮ ಹಗೇವಿನ ಬಗ್ಗೆ."

ಮೊರದಲ್ಲಿದ್ದ ಜೋಳದ ಮೇಲೆ ಶಿವಗಂಗವ್ವನ ಕೈ ನಿಂತಿತು.

ಹಗೇವು ಎಂದರೆ ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ, ಬಾವಿಯಂಥ ನೆಲದಡಿಯ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಹದಿನೈದು ವರ್ಷದ ಹಿಂದೆ ಅದರೊಳಗೆ ಇಳಿದ ಹಿರಿಯ ಮಗಳು ನಂದಾ ಜೀವಂತ ಮೇಲೆ ಬರಲಿಲ್ಲ. ಆಗ ನೇತ್ರಾ ಹುಟ್ಟಿರಲಿಲ್ಲ. ಒಂಬತ್ತನೇ ದಿನಕ್ಕೆ ಗಂಡ ಶಂಭುಲಿಂಗಪ್ಪ ಚಕ್ಕಡಿಗಟ್ಟಲೆ ಮಣ್ಣು ತಂದು ಹಗೇವು ತುಂಬಿ, ಮೇಲೆ ಚಪ್ಪಡಿ ಎಳೆದಿದ್ದ. ಶಿವಗಂಗವ್ವ ಇಂದಿಗೂ ಆ ಚಪ್ಪಡಿಯನ್ನು ತುಳಿಯದೆ ಸುತ್ತುಹಾಕಿಯೇ ಓಡಾಡುತ್ತಾಳೆ.

ಅಕ್ಕೋರು ಕೊಟ್ಟ ನಾಲ್ಕರಲ್ಲಿ ನೇತ್ರಾ ಮೂರು ಪ್ರಶ್ನೆಗೆ ಉತ್ತರ ಬರೆದಿದ್ದಳು. ನಾಲ್ಕನೆಯದು ಉಳಿದಿತ್ತು: ಬಳಕೆ ನಿಂತದ್ದು ಯಾಕೆ?

"ಯವ್ವಾ, ಇಲ್ಲೊಂದು ಕೂಡವಲ್ದು. ಅಕ್ಕನ್ನ ಇಳಸೂ ಮೊದಲ ನೀ ಕಂದೀಲ ಬಿಟ್ಟು ನೋಡಿದ್ದಿ, ಅದು ತಾಸೊತ್ತು ಉರೀತು ಅಂತ ಅಪ್ಪ ಹೇಳ್ಯಾನ."

"ಹೂಂ."

"ಉರೀಬೇಕಂದ್ರ ಆಮ್ಲಜನಕ ಬೇಕು, ವಿಜ್ಞಾನದಾಗ ಐತಿ. ಕಂದೀಲ ಉರಿದಿದ್ರ ಅಕ್ಕನೂ ಉಳೀಬೇಕಿತ್ತಲ್ಲಾ?"

ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಕೇಳುವ ಹಾಗೆ ಕೇಳಿದ್ದಳು. ಊರು ಕೇಳಿರಲಿಲ್ಲ, ಪೊಲೀಸರು ಕೇಳಿರಲಿಲ್ಲ. ಪಾಪ, ತಾಯಿ ಎಂದು ಬಿಟ್ಟಿದ್ದರು.

ಶಿವಗಂಗವ್ವ ಮೊರವನ್ನು ಪಕ್ಕಕ್ಕಿಟ್ಟಳು. ಮೆಲ್ಲಗೆ, ಮಗಳಿಗೆ ಕಾಗುಣಿತದ ಬಳ್ಳಿ ತಿದ್ದಿಸುವ ನಿಧಾನದಲ್ಲಿ ಹೇಳತೊಡಗಿದಳು. ಹಗೇವಿನ ಬಾಯಿ ತೆಗೆದರೆ ಒಂದು ರಾತ್ರಿ ಹಾಗೇ ಬಿಡಬೇಕು, ಬೆಳಿಗ್ಗೆ ಕಂದೀಲು ಇಳಿಸಬೇಕು, ಅದು ಉರಿದರೆ ಮಾತ್ರ ಮನುಷ್ಯರು ಇಳಿಯಬೇಕು. ಅತ್ತೆ ಕಲಿಸಿದ್ದು ಹಾಗೆ. ಆ ದಿನ ಹಿಟ್ಟು ತೀರಿತ್ತು. ಕರೆಂಟು ಹೋಗುವುದರೊಳಗೆ ಗಿರಣಿಗೆ ಜೋಳ ಒಯ್ಯಬೇಕಿತ್ತು. ಬೆಳಿಗ್ಗೆ ಬಾಯಿ ತೆಗೆದು, ಬೆಳಿಗ್ಗೆಯೇ ಕಂದೀಲು ಬಿಟ್ಟಳು. ನಂದಾ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಜೋಳ ತುಂಬುವ ಪುಟ್ಟಿ ಹಿಡಿದು, ನಗುತ್ತ ನಿಂತಿದ್ದಳು.

"ಕಂದೀಲ ಉರೀಲಿಲ್ಲ ನೇತ್ರಾ. ಇಳಿಸಿದ ಕೂಡ್ಲೆ ಆರಿತು. ಗಾಳಿಗೆ ಆರಿರಬೇಕಂತ ತಿಳಕೊಂಡ್ನಿ. ನೆಲದೊಳಗ ಎಲ್ಲಿ ಗಾಳಿ ಬೀಸತೈತಿ?"

ಬಾಗಿಲಲ್ಲಿ ನೆರಳು ಬಿತ್ತು. ಊಟಕ್ಕೆಂದು ಹೊಲದಿಂದ ಬಂದ ಶಂಭುಲಿಂಗಪ್ಪ ಹೊಸ್ತಿಲಾಚೆ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಶಿವಗಂಗವ್ವ ತಲೆ ಎತ್ತಲಿಲ್ಲ. ಹದಿನೈದು ವರ್ಷ ಅಂಜುತ್ತ ಕಾದ ಗಳಿಗೆ ಅದು.

ಅವನು ಹೆಗಲ ಮೇಲಿನ ಟಾವೆಲ್ಲು ತೆಗೆದು ಕಂಬಕ್ಕೆ ಒರಗಿ ಕೂತ.

"ನನಗ ಗೊತ್ತಿತ್ತು ಗಂಗಾ."

ನಂದಾಗೆ ಮಣ್ಣು ಕೊಟ್ಟು ಬಂದ ಸಂಜೆ ಅವನು ಗೂಟದಲ್ಲಿದ್ದ ಕಂದೀಲು ಹಚ್ಚಲು ಹೋಗಿದ್ದನಂತೆ. ಅವಳು ಹಗೇವಿಗೆ ಇಳಿದ ಹಿಂದಿನ ರಾತ್ರಿ ತಾನೇ ಕಂಠಮಟ ತುಂಬಿದ ಚಿಮಣಿ ಎಣ್ಣೆ ತುಂಬಿದ ಹಾಗೇ ಇತ್ತು. ತಾಸು ಉರಿದ ಕಂದೀಲಲ್ಲ ಅದು.

"ಕೇಳಲಿಲ್ಲ ಯಾಕ್ರಿ?"

"ಕೇಳಿದ್ರ ನೀನೂ ಉಳೀತಿದ್ದಿಲ್ಲ."

ದಿನವೂ ಆ ಕೈಯ ರೊಟ್ಟಿಯನ್ನು ಅವನು ತಿಳಿದೇ ತಿಂದಿದ್ದ. ಶಿವಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು. ಹದಿನೈದು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಅತ್ತಿದ್ದರು.

ನೇತ್ರಾ ನೋಟಬುಕ್ಕು ಮುಚ್ಚಿದಳು. ಬೀಸುವ ಕಲ್ಲಿನ ಬಗ್ಗೆ ಬರೆಯುತ್ತೇನೆ, ಇದು ಬೇಡ ಎಂದಳು. ಶಿವಗಂಗವ್ವ ನೋಟಬುಕ್ಕು ಇಸಿದುಕೊಂಡು ತೆರೆದಳು. ಯಾರು ಬಳಸುತ್ತಿದ್ದರು ಎಂಬ ಪ್ರಶ್ನೆಯ ಕೆಳಗೆ ಅಜ್ಜ, ಅಜ್ಜಿ, ಅಪ್ಪ, ಅವ್ವ ಎಂದಿತ್ತು.

"ಇಲ್ಲೆ ನಂದಾನ ಹೆಸರೂ ಬರಿ."

ನೇತ್ರಾ ಬರೆದಳು. ವಯಸ್ಸು ಹಾಕಲೇ ಎಂದು ಕೇಳಿದಳು.

"ಎಂಟು," ಎಂದ ಶಂಭುಲಿಂಗಪ್ಪ.

"ಎಂಟು ತುಂಬಿ ಹನ್ನೊಂದು ದಿನ," ಎಂದಳು ಶಿವಗಂಗವ್ವ.