ಅರ್ಧ ಸಂಬಳದ ಸನ್ನೆ

ಕಿವಿ ಕೇಳದ ಮಕ್ಕಳ ಆ ಶಾಲೆಗೆ ಹೊಸ ಮೇಡಂ ಬಂದಾಗಿನಿಂದ ಟೀಚರಮ್ಮನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೀಳದೆ ಇನ್ನೇನು? ಪಕ್ಕಪಕ್ಕದ ತರಗತಿ, ಅದೇ ಕೆಲಸ, ಅದೇ ಮುರುಕು ಕುರ್ಚಿ. ಸಂಬಳ ಮಾತ್ರ ಅವಳಿಗೆ ಪೂರ್ತಿ, ಇವಳಿಗೆ ಅರ್ಧ. ಯಾಕಂದರೆ ಅವಳ ಹತ್ತಿರ ವಿಶೇಷ ಶಿಕ್ಷಣದ ಡಿಪ್ಲೊಮಾ ಇದೆಯಂತೆ! ಟೀಚರಮ್ಮ ಅವಳ ಹೆಸರನ್ನೇ ಎತ್ತುತ್ತಿರಲಿಲ್ಲ. "ಡಿಪ್ಲೊಮಾ ಬಂತು, ದಾರಿ ಬಿಡ್ರಪ್ಪ" ಎಂದು ಮೂತಿ ತಿರುವುತ್ತಿದ್ದಳು.

ಒಂದು ಮಧ್ಯಾಹ್ನ ತಡೆಯಲಾರದೆ ಶಾಲೆಯ ಕಾರ್ಯದರ್ಶಿಯ ಕೋಣೆಗೆ ನುಗ್ಗಿದಳು. ಡಿಪ್ಲೊಮಾ ಅಲ್ಲೇ ಕೂತಿದ್ದಳು. ಇರಲಿ, ಎದುರಿಗೇ ಆಗಿಹೋಗಲಿ ಎಂದುಕೊಂಡಳು.

"ಸಾರ್, ನನಗೂ ಪೂರ್ತಿ ಸಂಬಳ ಕೊಡಿ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ. ಈ ಮಕ್ಕಳಿಗೆ ಮಾತು ಕಲಿಸಿದವಳು ನಾನು!"

ಕಾರ್ಯದರ್ಶಿ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅರ್ಹತೆ ಇಲ್ವಲ್ಲಮ್ಮ, ನಾನೇನು ಮಾಡ್ಲಿ?"

"ತರಬೇತಿಗೆ ಕಳಿಸಿ ಅಂತ ಗೋಗರೆದಾಗ ಏನಂದ್ರಿ? ಕೈ ಆಡಿಸೋಕೂ ಟ್ರೈನಿಂಗ್ ಬೇಕಾ ಅಂತ ನಕ್ಕಿದ್ದು ಮರೆತುಹೋಯ್ತಾ?"

ಡಿಪ್ಲೊಮಾ ಗಂಟಲು ಸರಿಮಾಡಿಕೊಂಡಳು. "ಮೇಡಂ, ನೀವು ಕಲಿಸ್ತಿರೋದು ಕಿವಿ ಕೇಳದವರೆಲ್ಲಾ ಆಡೋ ಸನ್ನೆ ಭಾಷೆ ಅಲ್ಲ. ನೀವೇ ಕಟ್ಕೊಂಡಿದ್ದು."

"ಕಟ್ಕೊಂಡ್ರೆ ಏನೀಗ? ಮಕ್ಕಳಿಗೆ ಅರ್ಥ ಆಗುತ್ತಲ್ಲ!"

"ನಿಮ್ಮ ಮಕ್ಕಳಿಗೆ ಮಾತ್ರ."

ಎಂಥಾ ಕೊಬ್ಬು! ಟೀಚರಮ್ಮನ ಮೈಯೆಲ್ಲ ಉರಿದುಹೋಯಿತು. ಹೌದು, ಕಟ್ಟಿಕೊಂಡಿದ್ದಳು. ಪುಸ್ತಕ ಕೊಡುವವರಿಲ್ಲ, ಹೇಳಿಕೊಡುವವರಿಲ್ಲ. ಮಕ್ಕಳ ಮುಂದೆ ಬೆಪ್ಪಾಗಿ ನಿಂತವಳು ದಿನಕ್ಕೊಂದು ಸನ್ನೆ ಹೊಸೆದಿದ್ದಳು. ಗಲ್ಲ ಮುಟ್ಟಿದರೆ ಅಮ್ಮ, ಮೊಣಕೈ ತಟ್ಟಿದರೆ ನಾಳೆ. ಮಕ್ಕಳು ಗಬಕ್ಕನೆ ಕಲಿತು ಇಡೀ ದಿನ ಹರಟುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಹೋದ ವರ್ಷ ಶಾಲೆ ಮುಗಿಸಿ ಆಸ್ಪತ್ರೆಯ ಲಾಂಡ್ರಿಗೆ ಸೇರಿದವಳು, ಟೀಚರಮ್ಮನ ಮುದ್ದಿನ ಶಿಷ್ಯೆ. ಅವಳ ತಂಗಿ ಈಗಲೂ ಟೀಚರಮ್ಮನ ತರಗತಿಯಲ್ಲೇ ಇದ್ದಳು.

"ಬಂದ್ಲು ನೋಡಿ! ಇವಳನ್ನೇ ಕೇಳಿ, ನಾನು ಏನು ಕಲಿಸಿದೀನಿ ಅಂತ!" ಟೀಚರಮ್ಮ ಸಂಭ್ರಮದಿಂದ ಕೈ ಆಡಿಸಿ, ಚೆನ್ನಾಗಿದ್ದೀಯಾ ಎಂದು ಕೇಳಿದಳು.

ಹುಡುಗಿ ಡಿಪ್ಲೊಮಾಳ ಕಡೆ ತಿರುಗಿದಳು. ಅವಳ ಕೈಗಳು ಸರಸರನೆ ಬೇರೆ ಏನನ್ನೋ ಹೇಳತೊಡಗಿದವು. ಟೀಚರಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂತಾಳೆ ಇವಳು?"

ಡಿಪ್ಲೊಮಾ ತಲೆ ತಗ್ಗಿಸಿದಳು. "ಬೇಡ ಬಿಡಿ ಮೇಡಂ."

"ಹೇಳ್ರೀ ಅಂದ್ರೆ!"

"ಲಾಂಡ್ರಿಯಲ್ಲಿ ಕಿವಿ ಕೇಳದವರು ಇನ್ನೂ ಇದಾರಂತೆ. ಇವಳ ಸನ್ನೆ ನೋಡಿ ತಲೆ ಕೆಟ್ಟಿದೆ ಅಂದ್ಕೊಂಡ್ರಂತೆ. ಈಗ ಅವರ ಹತ್ತಿರ ಎಲ್ಲಾ ಮೊದಲಿಂದ ಕಲೀತಿದಾಳಂತೆ. ತಂಗಿನ ನಿಮ್ಮ ಕ್ಲಾಸಿಂದ ಬಿಡಿಸ್ಕೊಂಡು ಹೋಗೋಕೆ ಬಂದಿದಾಳೆ."

ಕಾರ್ಯದರ್ಶಿ ಈಗ ತಲೆ ಎತ್ತಿದ. "ಇದಕ್ಕೆ ಪೂರ್ತಿ ಸಂಬಳ ಬೇರೆ ಬೇಕಂತೆ!"

"ಬಾಯ್ಮುಚ್ಚು! ಅಗ್ಗಕ್ಕೆ ಸಿಕ್ಕಳು ಅಂತ ನನ್ನ ಇಟ್ಕೊಂಡು ಈ ಮಕ್ಕಳ ಬಾಯಿಗೆ ಮಣ್ಣು ಹಾಕಿದ್ಯಲ್ಲೋ, ನಿನ್ನ ಮನೆ ಹಾಳಾಗ!" ಟೀಚರಮ್ಮನ ದನಿ ಒಡೆಯಿತು. ಆ ಮಣ್ಣನ್ನು ಹಾಕಿದ ಕೈ ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಡಿಪ್ಲೊಮಾಳ ತೋಳನ್ನು ಹಿಡಿದು ಜಗ್ಗಿದಳು. "ತಪ್ಪಾಯ್ತು ಅನ್ನೋಕೆ ಏನು ಮಾಡ್ಬೇಕು? ತೋರ್ಸ್ರೀ, ಮುಖ ಏನು ನೋಡ್ತೀರಾ!"

ಡಿಪ್ಲೊಮಾ ತೋರಿಸಿದಳು. ಟೀಚರಮ್ಮ ಹಾಗೇ ಮಾಡುತ್ತಾ ಬಾಗಿಲ ಕಡೆ ತಿರುಗಿದಳು. ಹುಡುಗಿ ಆಗಲೇ ಬೆನ್ನು ಹಾಕಿ ತಂಗಿಯ ತರಗತಿಯತ್ತ ಹೊರಟಿದ್ದಳು, ಕೂಗಿದರೆ ಅವಳಿಗೆ ಕೇಳಿಸುವಂತಿರಲಿಲ್ಲ.